ಮೊದಲ ತುಂಡಿನ ಮೇಲೆ ಭಾರ

ಚೀಟಿಯ ಬಲಮೂಲೆಯಲ್ಲಿ ಒಂದು ಕಲೆ, ಕುರಿಕೊಬ್ಬಿನದು, ಒಣಗಿ ಹಳದಿಗಟ್ಟಿ ಅಷ್ಟು ಜಾಗವನ್ನು ಮಾತ್ರ ಎಣ್ಣೆಕಾಗದದ ಹಾಗೆ ಮಾಡಿಬಿಟ್ಟಿದೆ, ಕಿಟಕಿಯ ಬೆಳಕು ಅದರೊಳಗಿಂದ ಹಾದು ಬರುತ್ತಿದೆ — ಇವತ್ತಿನ ಕಲೆಯಲ್ಲ ಇದು, ಐಲೇವ್ ಬಂದು ಕೂತಾಗ ಕುರಿಮಾಂಸ ಮತ್ತು ಕೋಸಿನ ಹಂಡೆ ಇನ್ನೂ ಒಲೆಯ ಮೇಲೇ ಇತ್ತು, ಯಾರ ತಟ್ಟೆಗೂ ಒಂದು ತುಂಡು ಬಿದ್ದಿರಲಿಲ್ಲ, ಆಗಲೇ ಇತ್ತಲ್ಲ ಈ ಕಲೆ, ಮತ್ತೆ ಈಗ ಊಟ ಮುಗಿಯುತ್ತಾ ಬಂದು ತಟ್ಟೆಯಲ್ಲಿ ಎಲುಬು ಮತ್ತು ಕರಿಮೆಣಸಿನ ಕಾಳು ಮಾತ್ರ ಉಳಿದಿರುವಾಗ ಅವನಿಗೆ ಹೊಳೆಯುತ್ತಿದೆ, ಇದು ಹೋದ ವರ್ಷದ ಚೀಟಿ. ಮನೆಯೊಡತಿ ಸಿಗ್ರುನ್ ಏನನ್ನೂ ಎಸೆಯುವವಳಲ್ಲ, ದಾರ, ಗುಂಡಿ, ಉರಿದು ಮಿಕ್ಕ ಮೇಣದಬತ್ತಿ, ಹಾಗೆಯೇ ಮೇಜಿನ ಮೇಲೆ ಯಾರು ಎಲ್ಲಿ ಕೂರಬೇಕು ಅಂತ ಹೆಸರು ಬರೆದಿಡುವ ಈ ಚೀಟಿಗಳೂ, ಎಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ, ಕೂರುವ ಸಾಲಿನ ಪ್ರಕಾರವೇ ರಬ್ಬರ್ ಹಾಕಿ ಇಟ್ಟಿರುತ್ತಾಳೆ, ಸೆಪ್ಟೆಂಬರಿನಲ್ಲಿ ಊರವರೆಲ್ಲ ಸೇರಿ ಬೆಟ್ಟದಿಂದ ಕುರಿ ಇಳಿಸಿದ ಮಾರನೆಯ ದಿನ ಕಟ್ಟು ಬಿಚ್ಚಿ ಬಾಗಿಲ ಕಡೆಯಿಂದ ಒಂದೊಂದೇ ಇಡುತ್ತಾ ಬರುತ್ತಾಳೆ, ಇಡುವುದು ಕೈ, ತಲೆ ಆಗ ಬೇಯುತ್ತಿರುವ ಆಲೂಗಡ್ಡೆಯಲ್ಲಿರುತ್ತದೆ — ಹಾಗಾಗಿ ಇಪ್ಪತ್ತೆರಡು ವರ್ಷ ಕೂತ ಜಾಗದಲ್ಲೇ ಅವನು ಈ ವರ್ಷವೂ ಕೂತಿದ್ದಾನೆ, ಮನೆಯೊಡತಿಯ ಎಡಗಡೆಯ ಕುರ್ಚಿಯಲ್ಲಿ, ಆ ಕುರ್ಚಿಯಲ್ಲಿ ಕೂತವನು ಸಿಹಿ ತಿಂದಾದ ಮೇಲೆ ಲೋಟ ಬಾರಿಸಿ ಎದ್ದು ನಿಂತು ಎಲ್ಲರ ಪರವಾಗಿ ಊಟಕ್ಕೆ ಧನ್ಯವಾದ ಹೇಳಬೇಕು, ಹೇಳುವ ತನಕ ಕಾಫಿ ಬಗ್ಗಿಸುವಂತಿಲ್ಲ, ಕಾಫಿಯಾಗದೆ ಯಾರೂ ಏಳುವಂತಿಲ್ಲ. ಹೋದ ವರ್ಷ ಎಷ್ಟೊಂದು ಮಾತಾಡಿದ್ದೆನಲ್ಲ ಅಂತ ಅವನಿಗೇ ನಗು, ಹನ್ನೊಂದು ನಿಮಿಷ, ಮನೆಯ ಯಜಮಾನ ಹಾಲ್ವೊರ್ ಎದುರಿಗೆ ಕೂತು ಗಡಿಯಾರ ನೋಡುತ್ತಿದ್ದ, ನಿನ್ನ ಮಾತು ಮುಗಿಯೋದ್ರೊಳಗೆ ಹೊಟ್ಟೆಲಿರೋ ಕುರಿ ಎದ್ದು ಮತ್ತೆ ಬೆಟ್ಟ ಹತ್ತೋದು ಕಣಯ್ಯ ಅಂದಿದ್ದ, ಮೇಜಿಗೆ ಮೇಜೇ ನಕ್ಕಿತ್ತು, ಆಗ ಮಾತು ಅನ್ನುವುದು ನಲ್ಲಿ ತಿರುಗಿಸಿದರೆ ಬರುವ ನೀರು, ಯಾರು ಯೋಚನೆ ಮಾಡುತ್ತಿದ್ದರು ಅದರ ಬಗ್ಗೆ.

ಈಗ ಇರುವುದು ಒಂದು, ಅದಂತೂ ಇದೆ, ತಕ್, ಧನ್ಯವಾದ ಅನ್ನುವ ಪದ, ಅದು ಹೋಗಲೇ ಇಲ್ಲ. ಮಾರ್ಚಿನಲ್ಲಿ ಕೊಟ್ಟಿಗೆಯ ಬಾಗಿಲಿಗೆ ಹೆಗಲು ಕೊಟ್ಟು ನಿಂತಿದ್ದವನು ಹಾಗೇ ಜಾರಿ ಕೂತ, ಬಲಗೈ ಯಾರದೋ ಕೈಯ ಹಾಗೆ ತೊಡೆಯ ಮೇಲೆ ಬಿದ್ದಿತ್ತು, ಬಿರ್ಗಿತ್ ಹಾಲಿನ ಬಕೀಟು ಅಲ್ಲೇ ಬಿಟ್ಟು ಓಡಿ ಬಂದು ಏನಾಯ್ತೋ ಏನಾಯ್ತೋ ಅಂದರೆ ಅವನು ಹೆಂಡತಿಗೆ ಹೇಳಿದ್ದು ತಕ್. ಆಸ್ಪತ್ರೆಯಲ್ಲಿ ಹೆಸರೇನು ಅಂದರೆ ತಕ್, ಎಲ್ಲಿ ನೋವು ಅಂದರೆ ತಕ್, ಬೇಡ ಅನ್ನುವುದಕ್ಕೂ ತಕ್ ಎಂದೇ ಬಂದು ನರ್ಸು ಮೂರು ಸಲ ನೀರು ಕುಡಿಸಿದಳು, ಕುಡಿದದ್ದು ಅವಸರವಾಗಿ ಹೊರಗೆ ಹೋಗಬೇಕಾದಾಗ ಮತ್ತೆ ತಕ್ ತಕ್ ಅಂದ, ಪರವಾಗಿಲ್ಲ, ನಮ್ಮ ಕೆಲಸವೇ ಅಲ್ವಾ ಅಂತ ಅವಳು ನಕ್ಕು ದೀಪ ಆರಿಸಿ ಹೋದಳು — ಈಗ ನಗು ಬರುತ್ತದೆ, ಆ ದಿನ ಬರಲಿಲ್ಲ. ಹುಟ್ಟಿದಾಗಿನಿಂದ ಹೇಳಿ ಹೇಳಿ ಸವೆದ ಒಂಟಿ ಪದಗಳು ಮಿದುಳಿನ ಬೇರೆ ಮೂಲೆಯಲ್ಲಿ ಇರುತ್ತವೆ, ಲಕ್ವ ಅಲ್ಲಿಗೆ ಕೈ ಹಾಕಿಲ್ಲ ಅಂತ ಡಾಕ್ಟರು. ಒಳ್ಳೆಯದಾಯಿತು, ಹೋಗಿ ಹೋಗಿ ಬೈಗುಳ ಉಳಿದಿದ್ದರೆ ಏನು ಗತಿ ಅಂತ ಬಿರ್ಗಿತ್. ಆದರೆ ಎಲ್ಲದಕ್ಕೂ ಒಂದೇ ಪದ ಬಂದರೆ ಅದು ಯಾವುದಕ್ಕೂ ಬಂದಂತಲ್ಲ, ಇದು ಅವನಿಗೆ ತಿಳಿದದ್ದು ಜುಲೈನಲ್ಲಿ, ಹಾಲ್ವೊರ್ ತನ್ನ ಹುಲ್ಲು ಹಾಗೇ ನಿಂತಿರಲು ಬಿಟ್ಟು ಮೊದಲು ಇವನ ಹೊಲದ ಹುಲ್ಲು ಕೊಯ್ದ, ನಾಲ್ಕು ದಿನ ಬಿಸಿಲು, ಆಮೇಲೆ ಮಳೆ ಅಂತ ರೇಡಿಯೋ ಹೇಳಿತ್ತು, ಆ ನಾಲ್ಕು ದಿನದಲ್ಲಿ ಮೂರು ಇವನಿಗೆ, ಕೊಯ್ದು ಒಣಗಿಸಿ ಯಂತ್ರದಲ್ಲಿ ಉಂಡೆ ಕಟ್ಟಿ ಬಿಳಿ ಪ್ಲಾಸ್ಟಿಕ್ ಸುತ್ತಿ ಕೊಟ್ಟಿಗೆಯ ಗೋಡೆಗೆ ಒಟ್ಟಿದ, ಅರವತ್ತೆಂಟು ಉಂಡೆ, ಐಲೇವ್ ಕೋಲೂರಿಕೊಂಡು ಬದುವಿಗೆ ಹೋಗಿ ನಿಂತು ಎದೆಯೊಳಗೆ ಇದ್ದದ್ದನ್ನೆಲ್ಲ ಒಟ್ಟುಮಾಡಿ ಬಾಯಿ ತೆರೆದರೆ ತಕ್, ಹಾಲ್ವೊರ್ ಟ್ರ್ಯಾಕ್ಟರಿನಿಂದ ಬಗ್ಗಿ, ನಿನ್ನೆ ನಿನ್ನ ಕಾಲು ತುಳಿದಾಗಲೂ ಇದನ್ನೇ ಅಂದೆಯಲ್ಲೋ ಮಾರಾಯ, ಅಂತ ನಕ್ಕು ಗೇರು ಹಾಕಿದ. ತಮಾಷೆಗೆ ಅಂದದ್ದು. ಕೆಟ್ಟ ಮನುಷ್ಯನಲ್ಲ. ಆದರೆ ಆ ದಿನ ಐಲೇವ್ ಬದುವಿನಲ್ಲೇ ನಿಂತಿದ್ದ, ಹೊಗೆ ಕರಗುವ ತನಕ, ಯಾವುದಕ್ಕೆ ಧನ್ಯವಾದ ಅಂತ ಹೇಳಲಾಗದಿದ್ದರೆ ಧನ್ಯವಾದ ಅನ್ನುವುದು ಕೆಮ್ಮಿನ ಹಾಗೆ, ಬಂತು, ಹೋಯಿತು.

ಅದಕ್ಕೇ ರಾಗ್ನಾಳನ್ನು ಕೇಳಿಕೊಂಡದ್ದು, ಕೇಳಿಕೊಂಡದ್ದೂ ಕೈಸನ್ನೆಯಲ್ಲೇ. ಮಂಗಳವಾರ ಮತ್ತು ಶುಕ್ರವಾರ, ಹಳೆಯ ಅಂಚೆ ಕಚೇರಿಯ ಹಿಂದಿನ ಕೋಣೆ, ಉತ್ತರದ ಕಡಲ ಕಡೆಯ ಹುಡುಗಿ, ಮಾತು ಕಳಕೊಂಡವರಿಗೆ ಮಾತು ಕಲಿಸುವ ಕೆಲಸಕ್ಕೆ ಊರಾಡಳಿತದವರು ಇಟ್ಟುಕೊಂಡವಳು, ಮೊದಲ ದಿನ ಒಂದು ಪುಸ್ತಕ ತೆರೆದಳು, ಸೇಬು, ಬಸ್ಸು, ಬಲೂನು, ಅವನು ಪುಸ್ತಕ ಮುಚ್ಚಿದ. ಮತ್ತೇನು ಬೇಕು ನಿನಗೆ, ನಿನ್ನ ಪದಗಳನ್ನೇ ತಗೊಂಡು ಬಾ ಹಾಗಾದರೆ, ಅಂದಳು ಸಿಟ್ಟಾಗದೆ. ತಂದ, ಮುಂದಿನ ಸಲ, ಜೇಬಿನಲ್ಲಿ ಒಣಹುಲ್ಲು, ಕುರಿಯ ಕಿವಿಗೆ ಹಾಕುವ ಬಿಲ್ಲೆ, ಮರಿದೊಡ್ಡಿಯ ಚಿಲಕ, ಮೇಜಿನ ಮೇಲೆ ಇಟ್ಟ. ಅವಳು ನೋಡಿದಳು, ಓಹೋ, ಇವೆಲ್ಲ ಜೋಡಿಪದಗಳು, ಅಂದಳು, ನಮ್ಮ ಮಾತಿನಲ್ಲಿ ಮುಕ್ಕಾಲು ಪಾಲು ಹೀಗೇ ಅಲ್ವಾ, ಎರಡು ಪದ ತಂದು ಬೆಸೆಯೋದು, ಮೂರಾದರೂ ಬೆಸೆಯೋದು. ಅವನ ಎಡಗೈ ಹಿಡಿದು ಮುಷ್ಟಿ ಮಾಡಿ ಮೇಜಿನ ಮೇಲೆ ಕುಟ್ಟಿಸಿದಳು — ವಿಂ, ತೆರ್, ಫೋರ್, ಚಳಿಗಾಲದ ಮೇವು — ವಿಂ ಅನ್ನುವಾಗ ಮುಷ್ಟಿ ಜೋರಾಗಿ, ತೆರ್ ಅನ್ನುವಾಗ ಬೆರಳ ತುದಿ ಸೋಕಿದರೆ ಸಾಕು, ಫೋರ್‌ಗೆ ಗೆಣ್ಣು, ಅಷ್ಟು ಜೋರಲ್ಲ, ಅಷ್ಟು ಮೆಲ್ಲಗೂ ಅಲ್ಲ. ಭಾರ ಯಾವಾಗಲೂ ಮೊದಲ ತುಂಡಿನ ಮೇಲೆ ಐಲೇವ್, ಎರಡನೇದು ಅದಕ್ಕೆ ಒರಗಿ ಕೂತಿರುತ್ತೆ, ಅಷ್ಟೇ, ಎರಡಕ್ಕೂ ಒಂದೇ ಭಾರ ಹಾಕಿದರೆ ಕೇಳೋರಿಗೆ ಚಳಿಗಾಲ ಬೇರೆ ಮೇವು ಬೇರೆ ಆಗಿ ನಿಂತ್ಕೊಳ್ಳುತ್ತೆ. ಅರವತ್ತೇಳು ವರ್ಷ ಆಡಿದ ಮಾತು, ಹೀಗೆ ನಡೆಯುತ್ತಿತ್ತು ಅಂತ ಒಂದು ದಿನವೂ ಕೇಳಿಸಿಕೊಂಡಿರಲಿಲ್ಲ, ಸ್ವಂತ ಮನೆಯ ನೆಲದಡಿಯಲ್ಲಿ ಯಾವ ತೊಲೆ ಎಲ್ಲಿದೆ ಅಂತ ನೆಲ ಕುಸಿದ ಮೇಲೆ ನೋಡಿದ ಹಾಗೆ. ಮೊದಲ ತಿಂಗಳು ಎಲ್ಲ ಎಡವಟ್ಟು, ಭಾರ ಕೊನೆಗೆ ಬೀಳುತ್ತಿತ್ತು, ಇಲ್ಲ ಪದ ಹೊಟ್ಟೆಯಲ್ಲೇ ಎರಡು ಹೋಳು, ವಿಂತ್ ಅಂತ ನಿಂತು ಎರ್‌ಫೋರ್ ಅಂತ ಹೊರಟರೆ ಅದು ಯಾವ ದೇಶದ ಪದ, ಉಸಿರು ಬೇಕಾದರೆ ನಿಲ್ಲು, ನಿಲ್ಲೋದು ತಪ್ಪಲ್ಲ, ಆದರೆ ಬೆಸೆದ ಜಾಗದಲ್ಲಿ ನಿಲ್ಲು, ಅಂತ ರಾಗ್ನಾ, ಇದನ್ನು ಎಲ್ಲೋ ಕೇಳಿದ್ದೇನಲ್ಲ — ಹೌದು, ಶಾಲೆಯಲ್ಲಿ, ಸಾಲಿನ ತುದಿಗೆ ಪದ ಹಿಡಿಸದಿದ್ದರೆ ಗೆರೆ ಎಳೆದು ಮುರಿಯಬೇಕು, ಎಲ್ಲೆಂದರಲ್ಲಿ ಮುರಿದರೆ ಮೇಷ್ಟ್ರು ಕೆಂಪು ಪೆನ್ಸಿಲಿನಲ್ಲಿ ಹೊಡೆದು ಹಾಕುತ್ತಿದ್ದರು, ಗಂಟು ನೋಡಿ ಮುರಿ, ಗಂಟು ನೋಡಿ, ಅಪ್ಪ ಸೌದೆ ಸೀಳುವಾಗ ಹೇಳುತ್ತಿದ್ದದ್ದು ಇದಕ್ಕೆ ಉಲ್ಟಾ, ಗಂಟು ಬಿಟ್ಟು ಹೊಡಿ, ಎರಡೂ ಸರಿಯಿತ್ತು. ಲಮ್ಮೆಬಿಂಗೆ, ಮರಿದೊಡ್ಡಿ, ಈ ಪದ ರಾಗ್ನಾಳಿಗೇ ಗೊತ್ತಿರಲಿಲ್ಲ, ಪಟ್ಟಣದಲ್ಲಿ ಬೆಳೆದವಳು, ಅವನು ಚಿಲಕ ತೋರಿಸಿ, ಎರಡೂ ತೋಳನ್ನು ಬೇಲಿಯ ಹಾಗೆ ಬಾಗಿಸಲು ಹೋಗಿ ಬಲತೋಳು ಬಾರದೆ ಅವಳ ತೋಳನ್ನೇ ತೆಗೆದುಕೊಂಡು ಬೇಲಿ ಮಾಡಿ, ಒಳಗೆ ಟೊಪ್ಪಿಯನ್ನಿಟ್ಟು ಮರಿ ಅಂತ ಮೇ ಅಂದು ತೋರಿಸಿದ, ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಆ ನಗುವಿನ ನಡುವೆಯೇ ಪದ ಬಂದುಬಿಟ್ಟಿತು, ಲಮ್-ಮೆ-ಬಿಂ-ಗೆ, ಭಾರ ಸರಿಯಾದ ಜಾಗದಲ್ಲಿ, ಅವಳು ಎದ್ದು ಕಿಟಕಿಯ ಹತ್ತಿರ ಹೋಗಿ ಮೂಗು ಒರೆಸಿಕೊಂಡಳು. ಎರಡು ತಿಂಗಳಲ್ಲಿ ಇಪ್ಪತ್ತು ಪದ. ಒಂದೊಂದನ್ನೂ ಅವನು ಅವಳ ಕೈಯಿಂದ ತೆಗೆದುಕೊಂಡಂತೆ ಇಟ್ಟುಕೊಂಡಿದ್ದಾನೆ, ಮನೆಗೆ ಬಂದು ಕೊಟ್ಟಿಗೆಯಲ್ಲಿ ಕುರಿಗಳ ಮುಂದೆ ಕುಟ್ಟಿ ಕುಟ್ಟಿ ಹೇಳುತ್ತಾನೆ, ಕುರಿಗಳು ಕೇಳುತ್ತವೆ, ಮನುಷ್ಯರ ಮುಂದೆ ಒಂದು ಸಲವೂ ಇಲ್ಲ, ಮನುಷ್ಯರಿಗೆ ಅವಸರ, ಅಂಗಡಿಯಲ್ಲಿ ಲಮ್ ಅನ್ನುವುದರೊಳಗೆ ಮರಿಮಾಂಸವಾ, ಮರಿಯ ಚರ್ಮವಾ ಅಂತ ನಾಲ್ಕು ಜನ ನಾಲ್ಕು ಬಾಲ ಅಂಟಿಸುತ್ತಾರೆ, ಪ್ರೀತಿಯಿಂದಲೇ. ಬಿರ್ಗಿತ್ ಎಲ್ಲರಿಗಿಂತ ಮೊದಲು.

ಬಿರ್ಗಿತ್ ಮೇಜಿನ ಆ ಬದಿಯಲ್ಲಿ, ಹಾಲ್ವೊರ್‌ನ ಪಕ್ಕ, ಕೆಂಪು ಉಣ್ಣೆಯ ಅಂಗಿ, ಮುಲ್ತೆಹಣ್ಣು ಕಲಸಿದ ಕೆನೆಯನ್ನು ಬಟ್ಟಲ ತಳದಿಂದ ಕೆರೆಯುತ್ತಿದ್ದಾಳೆ, ಹನ್ನೆರಡು ಬಟ್ಟಲಲ್ಲಿ ಹನ್ನೆರಡು ಚಮಚ, ಸದ್ದು ಒಂದೊಂದಾಗಿ ನಿಲ್ಲುತ್ತಿದೆ, ಇನ್ನು ಕಾಫಿ. ಸಿಗ್ರುನ್ ಎದ್ದು ಕಾಫಿಪಾತ್ರೆ ತಂದು ಹತ್ತಿರ ನಿಂತವಳು ಇವನ ಕಡೆ ತಿರುಗಿ, ಇವನ ಮುಂದಿನ ಚೀಟಿ ನೋಡಿ, ಕುತ್ತಿಗೆಯಿಂದ ಮೇಲಕ್ಕೆ ಕೆಂಪೇರುತ್ತಾಳೆ, ಅಯ್ಯೋ ಐಲೇವ್, ನನ್ನ ತಲೆಗೇನಾಯ್ತು, ಹಳೇ ಕಟ್ಟನ್ನೇ ಬಿಚ್ಚಿ ಹಾಗೇ ಇಟ್ಟುಬಿಟ್ಟಿದ್ದೀನಿ, ನಿನ್ನ ಇಲ್ಲಿ ಕೂರಿಸಬಾರದಿತ್ತು — ಪಿಸುಮಾತೇ, ಆದರೆ ಮೇಜು ಪೂರ್ತಿ ಕೇಳಿಸಿಕೊಂಡಿತು, ಎಲ್ಲರೂ ಕೇಳಿಸದವರ ಹಾಗೆ ಬಟ್ಟಲು ನೋಡುತ್ತಿದ್ದಾರೆ. ಇವಳಿಗೆ ಏನಂತ ಹೇಳುವುದು, ಏಪ್ರಿಲ್ ಮೇ ಐದು ವಾರ ಬೆಳಗ್ಗೆ ಐದಕ್ಕೆ ಹೊಳೆ ದಾಟಿ ಬಂದು ಇವನ ಕೊಟ್ಟಿಗೆಯಲ್ಲಿ ಮೊಣಕೈವರೆಗೂ ತೋಳು ಹಾಕಿ ಮರಿ ಎಳೆದವಳು, ಅಡ್ಡ ತಿರುಗಿದ್ದನ್ನು ಸರಿಮಾಡಿ, ಉಸಿರಿಲ್ಲದ್ದನ್ನು ಹಿಂಗಾಲು ಹಿಡಿದು ಬೀಸಿ ಉಸಿರು ಬರಿಸಿ, ಯಾವ ತಾಯಿಗೆ ಯಾವ ಮರಿ ಅಂತ ರಟ್ಟಿನ ಮೇಲೆ ಬರೆದು ಒಂದೊಂದು ದೊಡ್ಡಿಗೂ ತೂಗುಹಾಕಿದವಳು, ಇವನು ಆಸ್ಪತ್ರೆಯಿಂದ ಬಂದು ನೋಡಿದರೆ ನೂರ ನಾಲ್ಕು ಮರಿ, ಒಂದೇ ಸತ್ತದ್ದು, ಅದಕ್ಕೂ ರಟ್ಟಿನ ಮೇಲೆ ಕ್ಷಮಿಸು ಐಲೇವ್ ಅಂತ ಬರೆದಿದ್ದಳು. ಅವತ್ತೂ ಅವನು ಅಂದದ್ದು ತಕ್. ಸಿಗ್ರುನ್ ಈಗ ಮೇಜಿನ ಮೇಲಿಂದ ಬಗ್ಗಿ, ಬಿರ್ಗಿತ್, ನೀನೇ ಇಬ್ಬರ ಪರವಾಗಿ ಎರಡು ಮಾತು ಹೇಳಿಬಿಡೇ, ಅನ್ನುತ್ತಾಳೆ, ಬಿರ್ಗಿತ್ ಅದಾಗಲೇ ಕರವಸ್ತ್ರ ಮಡಿಸಿಟ್ಟಿದ್ದಾಳೆ, ಆಯ್ತು ಅನ್ನುವಂತೆ ತಲೆ ಆಡಿಸಿದ್ದಾಳೆ, ಕುರ್ಚಿ ಹಿಂದಕ್ಕೆ ಸರಿಯುವ ಸದ್ದು, ಚೆನ್ನಾಗಿಯೇ ಹೇಳುತ್ತಾಳೆ ಅವಳು, ಇವನಿಗಿಂತ ಚಿಕ್ಕದಾಗಿ, ಇವನಿಗಿಂತ ಅಂದವಾಗಿ, ಎಲ್ಲರಿಗೂ ಹಾಯೆನಿಸುತ್ತದೆ, ಕಾಫಿ ಬರುತ್ತದೆ, ಮುಂದಿನ ವರ್ಷ ಚೀಟಿ ಬೇರೆ ಜಾಗದಲ್ಲಿರುತ್ತದೆ, ಬಾಗಿಲ ಹತ್ತಿರ, ಅದರ ಮುಂದಿನ ವರ್ಷವೂ, ಮತ್ತೆ ಯಾರೂ ಅವನನ್ನು ಕೇಳುವುದಿಲ್ಲ, ಒಳ್ಳೆಯ ಜನ, ಒಳ್ಳೆಯತನದಿಂದಲೇ ಕೇಳುವುದಿಲ್ಲ — ಎಡಗೈ ಚಮಚ ತೆಗೆದುಕೊಂಡಿದೆ. ಲೋಟಕ್ಕೆ ಬಡಿದಿದೆ. ಟಿಣ್ ಅಂದಿತು, ಅವನು ಅಂದುಕೊಂಡದ್ದಕ್ಕಿಂತ ಜೋರಾಗಿ.

ಏಳುವುದಕ್ಕೇ ಇಷ್ಟು ಹೊತ್ತು. ಎಡಗಾಲ ಮೇಲೆ ಭಾರ, ಬಲಗಾಲು ಅದಕ್ಕೆ ಒರಗಿ ನಿಲ್ಲಲಿ, ರಾಗ್ನಾ ಇದ್ದಿದ್ದರೆ ನಗುತ್ತಿದ್ದಳು, ನೀನೂ ಜೋಡಿಪದವೇ ಅಂತ. ಬಿರ್ಗಿತ್ ಅರ್ಧ ಎದ್ದವಳು ಅರ್ಧದಲ್ಲೇ, ಕೂರಲೋ ಬೇಡವೋ ತಿಳಿಯದೆ, ಇವನು ಅಂಗೈ ಕೆಳಗೆ ಮಾಡಿ ತೋರಿಸಿದ, ಕೂತಳು. ಎಷ್ಟು ಮುಖ, ಎಲ್ಲ ಬಿಸಿಲಿಗೆ ಕಂದಿದ ಮುಖ, ನಿನ್ನೆ ಬೆಟ್ಟದಲ್ಲಿ ಇವನ ಕುರಿಗಳನ್ನೂ ತಮ್ಮ ಕುರಿಗಳ ಜೊತೆ ಕೂಗಿ ಇಳಿಸಿಕೊಂಡು ಬಂದ ಗಂಟಲುಗಳು, ಇನ್ನೂ ಒಡೆದಿವೆ. ಗೆಣ್ಣು ಮೇಜಿನ ಮೇಲಿದೆ. ಹಾಲ್ವೊರ್ ಅನ್ನಬೇಕು ಮೊದಲು, ಆ ಹೆಸರು ಬರುವುದಿಲ್ಲ ಇವತ್ತು, ಬೇಡ, ನೋಡಿದರೆ ಸಾಕು, ಅವನ ಕಡೆ ನೋಡಿದ, ಮುಷ್ಟಿ ಎತ್ತಿದ — ವಿಂ — ಬಟ್ಟಲುಗಳು ಅದುರಿದವು — ತೆರ್ — ಗೋಡೆಗೆ ಒಟ್ಟಿದ ಅರವತ್ತೆಂಟು ಬಿಳಿ ಉಂಡೆಗಳು, ಅವುಗಳ ಮೇಲೆ ಕೂತ ಮ್ಯಾಗ್ಪೈ ಹಕ್ಕಿ, ನಾಲ್ಕು ದಿನದ ಬಿಸಿಲಿನಲ್ಲಿ ಮೂರು ದಿನ, ಹಾಲ್ವೊರ್‌ನ ತುಟಿ ಬಿಚ್ಚಿತು, ಮಿಕ್ಕದ್ದನ್ನು ಕೊಡಲು ಬರುತ್ತಿದ್ದಾನೆ, ಸಿಗ್ರುನ್ ಕಣ್ಣು ದೊಡ್ಡದು ಮಾಡಿ ಗಂಡನನ್ನು ನೋಡಿದಳು, ತುಟಿ ಮುಚ್ಚಿತು — ಫೋರ್. ಬಂತು. ಒರಗಿ ಕೂತಿತು, ಬೀಳಲಿಲ್ಲ. ವಿಂತೆರ್‌ಫೋರ್, ತಕ್. ಈಗಿನ ತಕ್ ಬೇರೆ ತಕ್, ಅವನಿಗೇ ಕೇಳಿಸುತ್ತಿದೆ, ಇದರ ಕೆಳಗೆ ಹುಲ್ಲಿದೆ. ಹಾಲ್ವೊರ್ ಗಡಿಯಾರ ನೋಡಲಿಲ್ಲ, ಮೂಗಿನ ತುದಿ ತಿಕ್ಕುತ್ತಾ, ಸ್ವಲ್ಪ ಒದ್ದೆಯಾಗಿತ್ತು ಕಣೋ ಕಡೇ ಹತ್ತು ಉಂಡೆ, ಮೊದಲು ಅವನ್ನೇ ಹಾಕು ಕುರಿಗೆ, ಅಂದ, ಅಂದದ್ದು ತೀರಾ ಮೆಲ್ಲಗೆ, ಹಾಲ್ವೊರ್ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಎರಡನೆಯದು ಎಡಗಡೆಗಲ್ಲ, ಬಲಗಡೆಗೆ ತಿರುಗಬೇಕು, ಸಿಗ್ರುನ್ ನಿಂತೇ ಇದ್ದಾಳೆ, ಕಾಫಿಪಾತ್ರೆಯನ್ನು ಅವನ ಕಪ್ಪಿನ ಮೇಲೆ ಬಗ್ಗಿಸಲು ಹೊರಟವಳು ಹಾಗೇ ನಿಂತುಬಿಟ್ಟಿದ್ದಾಳೆ, ಕೆಳಗಿಟ್ಟರೆ ಸದ್ದಾದೀತು ಅಂತ ಇಡುತ್ತಿಲ್ಲ, ತುಂಬಿದ ಪಾತ್ರೆ, ಕೊಳವೆಯ ತುದಿಗೆ ಒಂದು ಹನಿ ಬಂದು ನಿಂತಿದೆ. ಲಮ್ — ಗುದ್ದಿದ — ಮೆ — ಮೊಣಕೈವರೆಗೆ ಆ ತೋಳು, ಇದೇ ತೋಳು, ಈಗ ಪಾತ್ರೆ ಹಿಡಿದ ತೋಳು — ನಾಲಗೆ ಅಂಗುಳಕ್ಕೆ ಅಂಟಿಕೊಂಡಿತು. ಇಲ್ಲ. ಹೋಯಿತು. ಬೆಸೆದ ಜಾಗ ಇದೇ ತಾನೇ, ಇಲ್ಲಿ ನಿಲ್ಲಬಹುದು, ನಿಲ್ಲೋದು ತಪ್ಪಲ್ಲ, ಯಾರೋ ಕೆಮ್ಮಲು ಹೋಗಿ ನುಂಗಿಕೊಂಡರು, ಹನ್ನೊಂದು ಜನ ಬಾಲ ಅಂಟಿಸದೆ ಕಾಯುತ್ತಿದ್ದಾರೆ, ಅವರು ಇದನ್ನು ಯಾವಾಗ ಕಲಿತರು, ಯಾರು ಕಲಿಸಿದರು, ಈಗಲೇ, ಇಲ್ಲೇ, ಕೊಳವೆಯ ತುದಿಯಲ್ಲಿ ಹನಿ ಸ್ವಲ್ಪ ದಪ್ಪಗಾಯಿತು — ಬಿಂ, ಗೆ. ಲಮ್ಮೆಬಿಂಗೆ, ತಕ್. ಸಿಗ್ರುನ್ ತಲೆ ಅಲ್ಲಾಡಿಸಿದಳು, ಬೇಡ ಬೇಡ ಅನ್ನುವ ಹಾಗೆ, ಒಂದು ಸತ್ತೋಯ್ತಲ್ಲ ಐಲೇವ್, ಅಂದಳು.

ಇಲ್ಲಿಗೆ ಕೂರಬಹುದು. ತಂದದ್ದು ಎರಡು, ಎರಡೂ ಆಯಿತು, ಊಟಕ್ಕೆ ಅಂತ ಒಂದು ತಕ್ ಹೇಳಿ ಕೂತರೆ ಸಂಪ್ರದಾಯವೂ ಆಯಿತು, ಹಾಲ್ವೊರ್ ಆಗಲೇ ಕೈ ತಟ್ಟಲು ಎತ್ತಿದ್ದಾನೆ. ಆದರೆ ಕೆಂಪು ಉಣ್ಣೆಯಂಗಿ ಆ ಬದಿಯಲ್ಲಿ ತಲೆ ತಗ್ಗಿಸಿಕೊಂಡು, ಅವಳ ಬೈತಲೆ ಕಾಣುತ್ತಿದೆ, ಅವನಿಗೆ ಊರಿನಲ್ಲಿ ಯಾರ ಮುಖಕ್ಕಿಂತಲೂ ಆ ಬೈತಲೆ ಚೆನ್ನಾಗಿ ಗೊತ್ತು ಈಗ, ದಿನಾ ಬೆಳಗ್ಗೆ ಮಂಚದ ಪಕ್ಕ ಮಂಡಿಯೂರಿ ಕೂರುತ್ತಾಳಲ್ಲ, ಸತ್ತ ಬಲಗಾಲನ್ನು ತೊಡೆಯ ಮೇಲಿಟ್ಟುಕೊಂಡು, ಉಣ್ಣೆಯ ಕಾಲುಚೀಲವನ್ನು ಅರ್ಧ ತಿರುಗಿಸಿ, ಬೆರಳಿಂದ ಹಿಮ್ಮಡಿಗೆ ಎಳೆದು, ಆಮೇಲೆ ಐದೂ ಬೆರಳನ್ನು ಒಂದೊಂದಾಗಿ ಒತ್ತಿ ನೋಡುತ್ತಾಳೆ, ಮಡಿಕೆ ಉಳಿದಿದೆಯೇ ಅಂತ, ಮಡಿಕೆ ಉಳಿದರೆ ಆ ಕಾಲಿಗೆ ತಿಳಿಯುವುದಿಲ್ಲ, ಸಂಜೆಯೊಳಗೆ ಹುಣ್ಣಾಗುತ್ತದೆ, ಆಸ್ಪತ್ರೆಯಿಂದ ಬಂದಾಗಿನಿಂದ ಒಂದು ಹುಣ್ಣೂ ಆಗಿಲ್ಲ. ದಿನಾ ತಕ್ ಅಂದಿದ್ದಾನೆ, ಆ ಸವೆದ ತಕ್, ನೀರಿಗೂ ನೋವಿಗೂ ಅಂದದ್ದನ್ನೇ. ಈ ಪದವನ್ನು ರಾಗ್ನಾಳ ಜೊತೆ ಕುಟ್ಟಿ ನೋಡಿಲ್ಲ, ಕುರಿಗಳ ಮುಂದೆಯೂ ಇಲ್ಲ. ಎರಡೇ ತುಂಡು, ಚಿಕ್ಕದು. ಮುಷ್ಟಿ ಎತ್ತಿದ. ಉಲ್ — ಉಣ್ಣೆ — ಭಾರ ನೆಟ್ಟಗೆ ಬಿತ್ತು, ಮೊದಲ ತುಂಡಿನ ಮೇಲೆ, ಬೀಳಬೇಕಾದ ಕಡೆ. ಉಣ್ಣೆಯೇ, ಯಾವ ಉಣ್ಣೆ, ಮುಖಗಳು ಒಂದನ್ನೊಂದು ನೋಡಿದವು, ಹಾಲ್ವೊರ್‌ನ ಕೈ ಗಾಳಿಯಲ್ಲೇ ನಿಂತಿತು, ಯಾರಿಗೂ ಗೊತ್ತಾಗಲಿಲ್ಲ, ಒಬ್ಬಳಿಗೆ ಗೊತ್ತಾಯಿತು, ಬೈತಲೆ ಮೇಲೆದ್ದು ಮುಖವಾಯಿತು, ಆರು ತಿಂಗಳು ಇವನ ಒಂದೊಂದು ಮಾತಿನ ಬಾಲವನ್ನೂ ಬಾಯಿಗೆ ತಂದುಕೊಟ್ಟವಳು, ಇದರ ಬಾಲವೂ, ಸೊಕ್, ಕಾಲುಚೀಲ, ಅವಳ ಹತ್ತಿರವಿದೆ, ಅವಳ ಹಲ್ಲಿನ ಹಿಂದೆಯೇ ಇದೆ, ಬಾಯಿ ತೆರೆದರೆ ಆಯಿತು, ಬಿರ್ಗಿತ್ ಎರಡು ತುಟಿಯನ್ನೂ ಒಳಕ್ಕೆ ಕಚ್ಚಿಕೊಂಡು ಕೂತಿದ್ದಾಳೆ, ಕೊಡುತ್ತಿಲ್ಲ, ಕಣ್ಣು ತುಂಬಿಕೊಂಡು ಕೊಡದೆ ಕೂತಿದ್ದಾಳೆ, ನೀನೇ, ಅನ್ನುತ್ತಿದೆ ಆ ಮುಖ, ಆಗಲಿ, ಇದು ಬೆಸೆದ ಜಾಗ, ಒಂದು ಉಸಿರಿಗೆ ಜಾಗವಿದೆ ಇಲ್ಲಿ, ಗೆಣ್ಣು ಮೇಜಿಗೆ ಒಂದು ಬೆರಳಷ್ಟು ಮೇಲೆ, ನಾಲಗೆ ಹಲ್ಲಿನ ಹಿಂದೆ, ಸ ಬರುತ್ತಿದೆ, ಬರುತ್ತದೆ, ಸಿಗ್ರುನ್ ಹಿಡಿದ ಪಾತ್ರೆಯ ಕೊಳವೆಯ ತುದಿಯಲ್ಲಿ ಹನಿ, ಕಪ್ಪಗೆ, ದುಂಡಗೆ, ಕಿಟಕಿಯನ್ನೂ ಹನ್ನೆರಡು ಮುಖವನ್ನೂ ಒಳಗಿಟ್ಟುಕೊಂಡು, ಬೀಳದೆ ಕಾಯುತ್ತಿರುವ ಆ ಹನಿ.